ಟೈಂಪಾಸ್‌ಗೋ, ಗೆಲ್ಲೋಕೋ? ನಿಮಗೆ ಹೊಂದುವ ಮೊಬೈಲ್ ಗೇಮ್ ಆರಿಸಿಕೊಳ್ಳುವ ಬಗೆ

ಮೊಬೈಲ್‌ನಲ್ಲಿ ಆಡುವವರನ್ನು ನಾವು ಸುಲಭವಾಗಿ ಎರಡು ಗುಂಪು ಮಾಡಿಬಿಡುತ್ತೇವೆ. ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ), ಫ್ರೀ ಫೈರ್ ಮ್ಯಾಕ್ಸ್, ಕಾಲ್ ಆಫ್ ಡ್ಯೂಟಿಯಂಥ ಗುಂಡಿನ ಆಟ ಆಡುವ ಹುಡುಗರು ಹಾರ್ಡ್‌ಕೋರ್, ಅಂದರೆ ಗೆಲ್ಲಲೆಂದೇ ಆಡುವವರು. ಕ್ಯಾಂಡಿ ಕ್ರಶ್, ಲೂಡೋ ಕಿಂಗ್, ಸಬ್‌ವೇ ಸರ್ಫರ್ಸ್ ಆಡುವವರು ಕ್ಯಾಶುಯಲ್, ಅಂದರೆ ಟೈಂಪಾಸ್‌ಗೆ ಆಡುವವರು. ಈ ಲೆಕ್ಕ ಅರ್ಧ ಮಾತ್ರ ಸರಿ. ಕ್ಯಾಂಡಿ ಕ್ರಶ್‌ನಲ್ಲಿ ಸಾವಿರಾರು ಲೆವೆಲ್ ದಾಟಿ, ಯಾವ ಬೂಸ್ಟರನ್ನು ಯಾವ ಲೆವೆಲ್‌ಗೆ ಉಳಿಸಿಕೊಳ್ಳಬೇಕು ಎಂದು ಲೆಕ್ಕ ಹಾಕುವ ಅತ್ತೆಯಂದಿರು ಎಷ್ಟು ಮನೆಗಳಲ್ಲಿಲ್ಲ? ಅದೇ ಮನೆಯ ಹುಡುಗ ಬಿಜಿಎಂಐ ತೆರೆದು, ಇಯರ್‌ಫೋನ್ ಸಿಕ್ಕಿಸಿಕೊಂಡು, ಗೆಳೆಯರ ಜೊತೆ ಹರಟೆ ಹೊಡೆಯುತ್ತಾ, ಪ್ಯಾರಾಚೂಟ್‌ನಿಂದ ಇಳಿದ ಎರಡೇ ನಿಮಿಷಕ್ಕೆ ಸತ್ತು ನಗುತ್ತಿರುತ್ತಾನೆ. ಇವರಿಬ್ಬರಲ್ಲಿ ಹಾರ್ಡ್‌ಕೋರ್ ಯಾರು ಅಂದರೆ, ನನ್ನ ಓಟು ಅತ್ತೆಗೇ.

ಆದ್ದರಿಂದ ಗೇಮಿನ ಹೆಸರು ಕೇಳಿ, ಗೆಳೆಯ ಹೇಳಿದ ಅಂತ ಡೌನ್‌ಲೋಡ್ ಮಾಡಬೇಡಿ. ನಿಮಗೆ ಬಿಡುವು ಹೇಗೆ ಸಿಗುತ್ತೆ, ಸೋತಾಗ ಏನನ್ನಿಸುತ್ತೆ, ಕೈಯಲ್ಲಿರುವ ಫೋನ್ ಎಂಥದ್ದು, ಜೇಬಿನಿಂದ ಎಷ್ಟು ಹೋದರೆ ಪರವಾಗಿಲ್ಲ, ಇದೇ ಕ್ರಮದಲ್ಲಿ ನೋಡುತ್ತಾ ಹೋಗೋಣ.

1. ಬಿಡುವನ್ನು ಅಳೆಯಿರಿ

ದಿನಕ್ಕೆ ಒಟ್ಟು ಎಷ್ಟು ಗಂಟೆ ಸಿಗುತ್ತೆ ಅನ್ನುವುದಕ್ಕಿಂತ, ಯಾರೂ ಕರೆಯದೆ ಒಂದೇ ಸಮನೆ ಎಷ್ಟು ನಿಮಿಷ ಸಿಗುತ್ತೆ ಅನ್ನುವುದು ಮುಖ್ಯ. ಎರಡು ಗಂಟೆ ಬಿಡುವಿದ್ದರೂ ಅದು ಹತ್ತು ಹತ್ತು ನಿಮಿಷದ ಚೂರುಗಳಾಗಿ ಸಿಕ್ಕರೆ ದೊಡ್ಡ ಬ್ಯಾಟಲ್ ರಾಯಲ್ ಆಟ (ಎಲ್ಲರೂ ಹೊಡೆದಾಡಿ ಕೊನೆಗೆ ಉಳಿದವರು ಗೆಲ್ಲುವಂಥದ್ದು) ನಿಮಗೆ ಒಗ್ಗುವುದಿಲ್ಲ. ನಾಲ್ಕೈದು ದಿನ ಸುಮ್ನೆ ಗಮನಿಸಿ. ಫೋನ್ ಕೈಗೆತ್ತಿಕೊಂಡ ಮೇಲೆ ಎಷ್ಟು ಹೊತ್ತಿಗೆ ಯಾರಾದರೂ ಕರೆಯುತ್ತಾರೆ, ಎಷ್ಟು ಹೊತ್ತಿಗೆ ಬಸ್ ಬರುತ್ತೆ, ಎಷ್ಟು ಹೊತ್ತಿಗೆ ಆಫೀಸಿನ ಕರೆ ಬರುತ್ತೆ.

ಈಗ ಆಟಗಳ ಕಡೆ ಬನ್ನಿ. ಬಿಜಿಎಂಐನ ಎರಾಂಗೆಲ್ ಮ್ಯಾಪ್ 8 ಕಿ.ಮೀ. ಉದ್ದ, 8 ಕಿ.ಮೀ. ಅಗಲ. 100 ಜನ ಇಳಿಯುತ್ತಾರೆ. ಕೊನೆವರೆಗೂ ಉಳಿದರೆ ಸುಮಾರು ಅರ್ಧ ಗಂಟೆ ಹಿಡಿಯುತ್ತೆ. ಅದೇ ಗೇಮಿನ ಲಿವಿಕ್ ಮ್ಯಾಪ್ 2 ಕಿ.ಮೀ. ಉದ್ದ, 2 ಕಿ.ಮೀ. ಅಗಲ, 52 ಜನ, ಸುಮಾರು ಕಾಲು ಗಂಟೆಯಲ್ಲಿ ಮುಗಿಯುತ್ತೆ. ಫ್ರೀ ಫೈರ್ ಮ್ಯಾಕ್ಸ್‌ನಲ್ಲಿ 50 ಜನ, ಹತ್ತು ನಿಮಿಷದ ಆಸುಪಾಸು. ಕ್ಲ್ಯಾಶ್ ರಾಯಲ್‌ನ ಒಂದು ಪಂದ್ಯ ಮೂರು ನಿಮಿಷ, ಸಮಬಲವಾದರೆ ಇನ್ನೊಂದಿಷ್ಟು. ಚೆಸ್ ಆ್ಯಪ್‌ಗಳಲ್ಲಿ ಗಡಿಯಾರವನ್ನು ನೀವೇ ಇಟ್ಟುಕೊಳ್ಳಬಹುದು: ಒಂದು ನಿಮಿಷದ ಬುಲೆಟ್‌ನಿಂದ ಹಿಡಿದು, ಒಂದು ನಡೆಗೆ ಒಂದು ದಿನ ತೆಗೆದುಕೊಳ್ಳುವ ಆಟದವರೆಗೂ.

ಇಲ್ಲಿ ನಿಜವಾದ ಗೆರೆ ಬೀಳುವುದು ನಿಲ್ಲಿಸುವ ಬಟನ್ ಹತ್ತಿರ. ಆನ್‌ಲೈನ್ ಪಂದ್ಯವನ್ನು ಮಧ್ಯದಲ್ಲಿ ತಡೆದು ನಿಲ್ಲಿಸುವ ಬಟನ್ ಇಲ್ಲ. ಕುಗ್ಗುತ್ತಾ ಬಂದ ಆಟದ ಜಾಗದ ಕೊನೆಯ ವಲಯದಲ್ಲಿ ಹುಲ್ಲಿನ ಮೇಲೆ ಮಲಗಿ ಕಾಯುತ್ತಿರುವಾಗ ಫೋನ್ ರಿಂಗ್ ಆಯಿತು ಅಂದರೆ ಮುಗಿಯಿತು. ನೀವು ಸಾಯುವುದು ಒಂದು ಕಡೆ ಇರಲಿ, ತಂಡದ ಉಳಿದ ಮೂವರ ಆಟವೂ ಕೆಡುತ್ತೆ. ಪದೇ ಪದೇ ಮಧ್ಯದಲ್ಲಿ ಬಿಟ್ಟು ಹೋದರೆ ನಿಮ್ಮ ಮೆರಿಟ್ ಅಂಕವೂ (ಗೇಮ್ ನಿಮ್ಮ ನಡತೆಗೆ ಕೊಡುವ ಅಂಕ) ಇಳಿಯುತ್ತೆ. ಕ್ಯಾಂಡಿ ಕ್ರಶ್‌ನಲ್ಲಿ ಈ ರಗಳೆ ಇಲ್ಲ. ಹಾಲು ಉಕ್ಕಿತು ಅಂತ ಅಡುಗೆಮನೆಗೆ ಓಡಿದರೂ ಕ್ಯಾಂಡಿಗಳು ಇದ್ದಲ್ಲೇ ಕಾದಿರುತ್ತವೆ.

ನೆಟ್‌ವರ್ಕ್ ಕೂಡ ಇದೇ ಲೆಕ್ಕಕ್ಕೆ ಸೇರುತ್ತೆ. ಸಕಲೇಶಪುರ ದಾಟಿ ಸುಬ್ರಹ್ಮಣ್ಯದ ಕಡೆ ಇಳಿಯುವ ರೈಲಿನಲ್ಲಿ ಕೂತು ರ‍್ಯಾಂಕ್ ಪಂದ್ಯ (ಗೆದ್ದರೆ ಸ್ಥಾನ ಏರುವ, ಸೋತರೆ ಇಳಿಯುವಂಥದ್ದು) ಶುರು ಮಾಡುವುದು ದುಸ್ಸಾಹಸ. ಅಂಥ ಪ್ರಯಾಣಕ್ಕೆ ಆಫ್‌ಲೈನ್ ಆಟ ಒಂದೆರಡು ಮೊದಲೇ ಇಳಿಸಿಟ್ಟುಕೊಳ್ಳಿ. ಸಬ್‌ವೇ ಸರ್ಫರ್ಸ್, ಆಲ್ಟೋಸ್ ಒಡಿಸ್ಸಿ, ಮಿನಿ ಮೆಟ್ರೋ, ಚೆನ್ನೈನ ನೆಕ್ಸ್ಟ್‌ವೇವ್‌ನವರ ವರ್ಲ್ಡ್ ಕ್ರಿಕೆಟ್ ಚಾಂಪಿಯನ್‌ಶಿಪ್ ಇವೆಲ್ಲ ನೆಟ್ ಇಲ್ಲದೆಯೂ ನಡೆಯುತ್ತವೆ.

2. ಸೋತಾಗ ಏನನ್ನಿಸುತ್ತೆ, ನೋಡಿಕೊಳ್ಳಿ

ಬಿಡುವು ಇರುವವರೆಲ್ಲ ಹಾರ್ಡ್‌ಕೋರ್ ಆಗಬೇಕಿಲ್ಲ. ಯಾವುದಾದರೂ ಸ್ಪರ್ಧೆಯ ಆಟವನ್ನು ಒಂದು ವಾರ ಆಡಿ ನೋಡಿ. ಚೆಸ್ ಆದರೂ ಸರಿ, ಕ್ಲ್ಯಾಶ್ ರಾಯಲ್ ಆದರೂ ಸರಿ. ಸೋತ ಕೂಡಲೇ ಕೈ ಏನು ಮಾಡುತ್ತೆ ಅಂತ ಗಮನಿಸಿ.

ಆ್ಯಪ್ ಮುಚ್ಚಿ ಬೇರೆ ಕೆಲಸಕ್ಕೆ ಹೋದಿರಾ? ನಿಮಗೆ ಆಟ ಬೇಕಿರುವುದು ತಲೆ ಹಗುರ ಮಾಡಿಕೊಳ್ಳಲು. ರೀಪ್ಲೇ ನೋಡಿ ಎಲ್ಲಿ ಎಡವಿದೆ ಅಂತ ಹುಡುಕಿದಿರಾ? ಯೂಟ್ಯೂಬ್‌ನಲ್ಲಿ ಅದೇ ಡೆಕ್ (ಆಟಕ್ಕೆ ಆರಿಸಿಕೊಂಡ ಕಾರ್ಡ್‌ಗಳ ಗುಂಪು) ಇಟ್ಟುಕೊಂಡು ಇನ್ನೊಬ್ಬರು ಹೇಗೆ ಆಡುತ್ತಾರೆ ಅಂತ ನೋಡಿದಿರಾ? ಹೊಸ ಅಪ್‌ಡೇಟ್ ಬಂದಾಗ ಯಾವ ಗನ್‌ನ ಡ್ಯಾಮೇಜ್ ಕಡಿಮೆಯಾಯಿತು ಅಂತ ಓದಿದಿರಾ? ಹಾಗಿದ್ದರೆ ನಿಮ್ಮೊಳಗೆ ಒಬ್ಬ ಸೀರಿಯಸ್ ಆಟಗಾರ ಕೂತಿದ್ದಾನೆ. ಮೂರನೆಯದೂ ಒಂದಿದೆ: ಸಿಟ್ಟಿನಲ್ಲಿ ತಕ್ಷಣ ಇನ್ನೊಂದು ಪಂದ್ಯ, ಅದೂ ಸೋತು ಮತ್ತೊಂದು. ಇದನ್ನು ಹಾರ್ಡ್‌ಕೋರ್ ಅಂದುಕೊಳ್ಳುವವರು ಬಹಳ ಜನ. ಅಲ್ಲಿ ಕಲಿಕೆ ನಡೆಯುವುದಿಲ್ಲ, ರ‍್ಯಾಂಕ್ ಮಾತ್ರ ಜಾರುತ್ತೆ. ಸತತ ಎರಡು ಸೋತರೆ ಆ ದಿನದ ರ‍್ಯಾಂಕ್ ಆಟ ಬಂದ್ ಅನ್ನುವ ನಿಯಮ ಇಟ್ಟುಕೊಂಡವರೇ ಮೇಲೆ ಹೋಗುತ್ತಾರೆ ಅಂತ ನನ್ನ ಅನಿಸಿಕೆ.

ಇನ್ನೂ ಸ್ವಲ್ಪ ಸೂಕ್ಷ್ಮವಾಗಿ ನೋಡಬೇಕೆಂದರೆ, ರಿಚರ್ಡ್ ಬಾರ್ಟಲ್ ಎಂಬ ಬ್ರಿಟಿಷ್ ಗೇಮ್ ವಿನ್ಯಾಸಕ 1996ರಲ್ಲಿ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದರು. ಗುರಿ ಮುಟ್ಟುವವರು, ಹೊಸ ಜಾಗ ಹುಡುಕುವವರು, ಜನ ಬೇಕೆನ್ನುವವರು, ಎದುರಾಳಿಯನ್ನು ಸೋಲಿಸಿಯೇ ತೀರಬೇಕೆನ್ನುವವರು. ಇಂದಿನ ಸ್ಮಾರ್ಟ್‌ಫೋನ್ ಗೇಮ್‌ಗಳು ಬರುವ ಮೊದಲಿನ ವಿಂಗಡಣೆ ಇದು, ಇವತ್ತಿಗೂ ಕೆಲಸಕ್ಕೆ ಬರುತ್ತೆ. ಬಿಜಿಎಂಐನಲ್ಲಿ ಬೇಗ ಸತ್ತು ನಗುವ ಹುಡುಗ ಮೂರನೆಯ ಗುಂಪಿನವನು. ಅವನಿಗೆ ಗನ್ ಬೇಕಿಲ್ಲ, ಗೆಳೆಯರು ಬೇಕು. ಅವರೆಲ್ಲ ನಾಳೆ ಲೂಡೋಗೆ ಹೋದರೆ ಇವನೂ ಹೋಗುತ್ತಾನೆ.

3. ಫೋನ್ ಏನು ಹೇಳುತ್ತೆ?

ಟೈಂಪಾಸ್ ಆಟಗಳಿಗೆ ಈ ಹೆಜ್ಜೆ ಬಿಟ್ಟುಬಿಡಬಹುದು. ಲೂಡೋ ಕಿಂಗ್ ಯಾವ ಫೋನಿನಲ್ಲಾದರೂ ಓಡುತ್ತೆ. ಸ್ಟೋರೇಜ್ ಖಾಲಿ ಇದ್ದರೆ ಸಾಕು.

ಸೀರಿಯಸ್ ಆಡುವವರಿಗೆ ಮಾತ್ರ ಫೋನೇ ಅರ್ಧ ಆಟ. ಇಲ್ಲಿ ಹೊಸಬರು ಮಾಡುವ ತಪ್ಪು ಒಂದೇ: ಗ್ರಾಫಿಕ್ಸ್ ಅನ್ನು ಎಚ್‌ಡಿಗೆ ಏರಿಸಿ, ಹುಲ್ಲು ಮರ ಎಲ್ಲ ಚೆಂದ ಕಾಣುವಂತೆ ಮಾಡಿಕೊಳ್ಳುವುದು. ಚೆಂದ ಕಂಡಷ್ಟೂ ಆಟ ನಿಧಾನವಾಗುತ್ತೆ. ಬಿಜಿಎಂಐ ಸೆಟ್ಟಿಂಗ್ಸ್‌ಗೆ ಹೋಗಿ, ಗ್ರಾಫಿಕ್ಸ್‌ನಲ್ಲಿ ‘ಸ್ಮೂತ್’ ಒತ್ತಿ. ಪಕ್ಕದಲ್ಲೇ ಫ್ರೇಮ್ ರೇಟ್ ಇದೆ. ‘ಹೈ’ ಅಂದರೆ ಸೆಕೆಂಡಿಗೆ 30 ಫ್ರೇಮ್, ‘ಅಲ್ಟ್ರಾ’ 40, ‘ಎಕ್ಸ್‌ಟ್ರೀಮ್’ 60. ನಿಮ್ಮ ಫೋನ್ ಎಲ್ಲಿವರೆಗೆ ಬಿಡುತ್ತೋ ಅಲ್ಲಿವರೆಗೆ ಏರಿಸಿ. 30 ಫ್ರೇಮ್‌ನಲ್ಲಿ ಪರದೆ ಬದಲಾಗಲು ಸುಮಾರು 33 ಮಿಲಿಸೆಕೆಂಡ್ ಬೇಕು, 60ರಲ್ಲಿ ಸುಮಾರು 17. ಗೋಡೆಯ ಹಿಂದಿನಿಂದ ತಲೆ ಹೊರಹಾಕುವ ಎದುರಾಳಿಯನ್ನು ಯಾರು ಮೊದಲು ನೋಡುತ್ತಾರೆ ಅನ್ನುವುದು ಇಷ್ಟು ಸಣ್ಣ ವ್ಯತ್ಯಾಸದಲ್ಲೇ ತೀರ್ಮಾನವಾಗುತ್ತೆ. 90 ಫ್ರೇಮ್ ಬೇಕೆಂದರೆ ಪರದೆಯೂ 90 ಹರ್ಟ್ಜ್ ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಜೊತೆಗೆ ಆ ಫೋನಿಗೆ ಗೇಮ್ ಅವಕಾಶ ಕೊಟ್ಟಿರಬೇಕು.

ಎರಡನೆಯ ಶತ್ರು ಬಿಸಿ. ಸಾಮಾನ್ಯ ಫೋನಿಗೆ ಫ್ಯಾನ್ ಇಲ್ಲವಲ್ಲ, ಬಿಸಿ ಏರಿದಾಗ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತೆ. ಮೊದಲ ಪಂದ್ಯದಲ್ಲಿ ಬೆಣ್ಣೆಯಂತಿದ್ದ ಆಟ ಮೂರನೆಯದರಲ್ಲಿ ತಡವರಿಸುವುದು ಇದಕ್ಕೇ. ದಪ್ಪ ಕವರ್ ತೆಗೆದಿಡಿ. ಬ್ರೈಟ್‌ನೆಸ್ ಸ್ವಲ್ಪ ಇಳಿಸಿ. ಚಾರ್ಜ್‌ಗೆ ಹಾಕಿಕೊಂಡು ಆಡಬೇಡಿ, ಬ್ಯಾಟರಿಯ ಆಯಸ್ಸಿಗೂ ಅದು ಒಳ್ಳೆಯದಲ್ಲ. ಏಪ್ರಿಲ್ ತಿಂಗಳಲ್ಲಿ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಮಧ್ಯಾಹ್ನ ಆಡುವವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ. ಬಿಸಿಯಾಯಿತು ಅಂತ ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ, ಒಳಗೆ ನೀರಿನ ಪಸೆ ಕಟ್ಟುತ್ತೆ.

ಮೂರನೆಯದು ಪಿಂಗ್, ಅಂದರೆ ಫೋನಿನ ಸಂದೇಶ ಗೇಮಿನ ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಸಮಯ. ಪಂದ್ಯದ ವೇಳೆ ಪರದೆಯ ಮೂಲೆಯಲ್ಲಿ ಮಿಲಿಸೆಕೆಂಡ್ ಲೆಕ್ಕದಲ್ಲಿ ಕಾಣುವ ಸಂಖ್ಯೆ ಅದು. 50ರ ಒಳಗಿದ್ದರೆ ಒಳ್ಳೆಯದು, 100 ದಾಟಿದರೆ ನೀವು ಹೊಡೆದ ಗುಂಡು ತಡವಾಗಿ ತಲುಪುತ್ತೆ. ಇಂಟರ್ನೆಟ್ ವೇಗ ಜಾಸ್ತಿ ಇದ್ದರೆ ಪಿಂಗ್ ಕಡಿಮೆ ಇರುತ್ತೆ ಅಂತೇನಿಲ್ಲ. ಮನೆಯ ವೈಫೈನಲ್ಲಿ 5 ಗಿಗಾಹರ್ಟ್ಜ್ ಬ್ಯಾಂಡ್‌ಗೆ ಸೇರಿಕೊಂಡು, ರೂಟರ್ ಇರುವ ಕೋಣೆಯಲ್ಲೇ ಕೂತರೆ ಬಹಳಷ್ಟು ಸರಿಹೋಗುತ್ತೆ. ಪಕ್ಕದ ಕೋಣೆಯಲ್ಲಿ ತಂಗಿ ದೊಡ್ಡ ಸಿನಿಮಾ ಡೌನ್‌ಲೋಡ್ ಹಾಕಿದ್ದರೆ ಮಾತ್ರ ಯಾವ ಸೆಟ್ಟಿಂಗೂ ಉಳಿಸುವುದಿಲ್ಲ. ಮೊಬೈಲ್ ಡೇಟಾದಲ್ಲಿ ಆಡಿದರೆ ಡೇಟಾ ಖಾಲಿಯಾಗುತ್ತೆ ಅನ್ನುವ ಭಯ ಬೇಡ. ಪಂದ್ಯ ತಿನ್ನುವುದು ಕಡಿಮೆ, ಅಪ್‌ಡೇಟ್ ತಿನ್ನುವುದು ಜಾಸ್ತಿ. ಅಪ್‌ಡೇಟನ್ನು ವೈಫೈನಲ್ಲಿ ಮಾಡಿಕೊಂಡರಾಯಿತು.

4. ಕೈ ಪಳಗಿಸುವುದು (ಸೀರಿಯಸ್ ಆಡುವವರಿಗೆ)

ನೇರ ಪಂದ್ಯಕ್ಕೆ ಧುಮುಕಬೇಡಿ. ಬಿಜಿಎಂಐನ ಟ್ರೈನಿಂಗ್ ಗ್ರೌಂಡ್‌ಗೆ ಹೋಗಿ ಎಂ416 ಗನ್ ತೆಗೆದುಕೊಳ್ಳಿ, ಗುರಿ ಹಿಡಿಯುವ ರೆಡ್ ಡಾಟ್ ಸ್ಕೋಪ್ ಹಾಕಿ, ದೂರದ ಗೋಡೆಯ ಒಂದು ಗುರುತಿಗೆ ಗುರಿ ಇಟ್ಟು ಇಡೀ ಮ್ಯಾಗಜಿನ್ ಖಾಲಿ ಮಾಡಿ. ಬೆರಳು ಅಲ್ಲಾಡಿಸದೆ ಹೊಡೆದರೆ ಗುಂಡುಗಳ ಗುರುತು ಗೋಡೆಯ ಮೇಲೆ ಮೇಲಕ್ಕೇರುತ್ತಾ ಹೋಗುತ್ತೆ. ಇದು ರೀಕಾಯ್ಲ್. ಮುಂದಿನ ಮ್ಯಾಗಜಿನ್‌ನಲ್ಲಿ, ಗುಂಡು ಹಾರುತ್ತಿರುವಾಗಲೇ ಹೆಬ್ಬೆರಳನ್ನು ನಿಧಾನವಾಗಿ ಕೆಳಕ್ಕೆ ಎಳೆಯಿರಿ. ಗುರುತು ಇನ್ನೂ ಮೇಲಕ್ಕೇ ಹೋದರೆ ಎಡಿಎಸ್ ಸೆನ್ಸಿಟಿವಿಟಿ (ಗುಂಡು ಹೊಡೆಯುವಾಗ ಬೆರಳಿನ ಎಳೆತಕ್ಕೆ ಗುರಿ ಎಷ್ಟು ಸರಿಯಬೇಕು ಅನ್ನುವ ಸೆಟ್ಟಿಂಗ್) ಸ್ವಲ್ಪ ಏರಿಸಿ. ನೆಲದ ಕಡೆ ಜಾರಿದರೆ ಇಳಿಸಿ. ಒಂದೇ ಸಲಕ್ಕೆ ಐದೈದು ಅಂಕಿಗಿಂತ ಜಾಸ್ತಿ ಬದಲಾಯಿಸಬೇಡಿ. ಗುಂಡುಗಳೆಲ್ಲ ಒಂದು ತಟ್ಟೆಯಗಲದ ಜಾಗದಲ್ಲಿ ಬೀಳತೊಡಗಿದರೆ ಆ ಸಂಖ್ಯೆಯೇ ನಿಮ್ಮದು. ಯಾವುದೋ ಯೂಟ್ಯೂಬರ್‌ನ ಸೆನ್ಸಿಟಿವಿಟಿ ಕೋಡ್ ನಕಲು ಮಾಡುವುದರಿಂದ ಅಷ್ಟೇನೂ ಪ್ರಯೋಜನವಿಲ್ಲ. ಅವನ ಫೋನೇ ಬೇರೆ, ಹೆಬ್ಬೆರಳೇ ಬೇರೆ.

ಇದು ಕೂತ ಮೇಲೆ ಗೈರೊಸ್ಕೋಪ್ ಆನ್ ಮಾಡಿ ನೋಡಿ. ಫೋನನ್ನೇ ಸ್ವಲ್ಪ ಬಾಗಿಸಿ ಗುರಿ ಹಿಡಿಯುವುದು. ಮೊದಲ ಕೆಲವು ದಿನ ಆಟ ಕೆಡುತ್ತೆ, ತಲೆಕೆಡಿಸಿಕೊಳ್ಳಬೇಡಿ. ಎರಡು ಹೆಬ್ಬೆರಳಿನಲ್ಲೇ ಆಡುವವರು ಓಡುತ್ತಾ, ತಿರುಗುತ್ತಾ, ಅದೇ ಕ್ಷಣ ಗುಂಡು ಹೊಡೆಯಲು ಹೆಣಗುತ್ತಾರೆ. ಮೂರು ಬೆರಳಿನ ಕ್ಲಾ ಹಿಡಿತದಲ್ಲಿ ಎಡ ತೋರುಬೆರಳು ಮೇಲಿನ ಫೈರ್ ಬಟನ್ ಮೇಲೆ ಕೂರುತ್ತೆ. ನಾಲ್ಕನೆಯ ಬೆರಳು ಸೇರಿಸಿದರೆ ಸ್ಕೋಪೂ ಮೇಲಕ್ಕೆ ಬರುತ್ತೆ. ಒಂದೇ ದಿನ ಎರಡಕ್ಕೂ ಕೈ ಹಾಕಬೇಡಿ. ಮಣಿಕಟ್ಟು ನೋಯತೊಡಗಿದರೆ ಆಟ ನಿಲ್ಲಿಸಿ, ಇದರಲ್ಲಿ ಗಟ್ಟಿತನ ತೋರಿಸುವುದು ಏನೂ ಇಲ್ಲ.

5. ದುಡ್ಡು ಎಲ್ಲಿಂದ ಸೋರುತ್ತೆ?

ಫ್ರೀ ಗೇಮ್ ಅಂದರೆ ದುಡ್ಡು ಇನ್ನೊಂದು ಬಾಗಿಲಿನಿಂದ ಹೋಗುವ ಗೇಮ್. ಟೈಂಪಾಸ್ ಆಟಗಳು ನಿಮ್ಮ ಅಸಹನೆಯಿಂದ ಸಂಪಾದಿಸುತ್ತವೆ. ಕ್ಯಾಂಡಿ ಕ್ರಶ್‌ನಲ್ಲಿ ಐದು ಲೈಫ್. ಒಂದು ಹೋದರೆ ಮತ್ತೆ ಬರಲು 30 ನಿಮಿಷ. ಐದೂ ಹೋದರೆ ಪೂರ್ತಿ ತುಂಬಲು ಎರಡೂವರೆ ಗಂಟೆ. ಕಾಯಲಾರದವರು ದುಡ್ಡು ಕೊಡುತ್ತಾರೆ. ಕಾಯುವವರಿಗೆ ಅದು ಪೂರ್ತಿ ಫ್ರೀ, ಮೇಲಾಗಿ ಒಳ್ಳೆಯ ವಿರಾಮ. ಒಬ್ಬರೇ ಆಡುವ ಎಷ್ಟೋ ಸಣ್ಣ ಗೇಮ್‌ಗಳಲ್ಲಿ ಏರೋಪ್ಲೇನ್ ಮೋಡ್ ಹಾಕಿದರೆ ಜಾಹೀರಾತು ಮಾಯ.

ಸ್ಪರ್ಧೆಯ ಆಟಗಳಲ್ಲಿ ಒಂದು ಪ್ರಶ್ನೆ ಕೇಳಿ: ದುಡ್ಡು ಕೊಟ್ಟರೆ ಸಿಗುವುದು ಅಂದವೋ, ಬಲವೋ? ಬಿಜಿಎಂಐನಲ್ಲಿ ಯುಸಿ (ದುಡ್ಡು ಕೊಟ್ಟು ಕೊಳ್ಳುವ ಆಟದ ನಾಣ್ಯ) ಸುರಿದು ಕೊಂಡ ಬಟ್ಟೆ ಹಾಕಿಕೊಂಡ ಮಾತ್ರಕ್ಕೆ ಗುಂಡು ಕಡಿಮೆ ತಾಗುವುದಿಲ್ಲ. ಕ್ಲ್ಯಾಶ್ ರಾಯಲ್‌ನಲ್ಲಿ ಹಾಗಲ್ಲ, ದುಡ್ಡು ಹಾಕಿದವನ ಕಾರ್ಡ್ ಬೇಗ ಲೆವೆಲ್ ಏರುತ್ತೆ, ಏರಿದ ಕಾರ್ಡ್ ಜಾಸ್ತಿ ಹೊಡೆಯುತ್ತೆ. ಬಲ ಮಾರುವ ಆಟದಲ್ಲಿ ಸೀರಿಯಸ್ ಆಗಿ ಇಳಿಯುವ ಮೊದಲು ಎರಡು ಸಲ ಯೋಚಿಸಿ.

ಗಾಚಾ ಆಟಗಳದ್ದು, ಅಂದರೆ ಲಾಟರಿ ಚೀಟಿ ಎಳೆದ ಹಾಗೆ ಅದೃಷ್ಟದಿಂದ ಪಾತ್ರ ಗೆಲ್ಲುವ ಆಟಗಳದ್ದು, ಬೇರೆಯೇ ಕಥೆ. ಗೆನ್‌ಶಿನ್ ಇಂಪ್ಯಾಕ್ಟ್‌ನಲ್ಲಿ ಐದು ಸ್ಟಾರ್ ಪಾತ್ರ ಒಂದು ಎಳೆತಕ್ಕೆ ಸಿಗುವ ಸಾಧ್ಯತೆ 0.6%. ಗೇಮಿನವರೇ ಇದನ್ನು ಬರೆದು ಹಾಕಿದ್ದಾರೆ. ಹತ್ತು ಸಲ ಎಳೆದರೂ ಸಾಧ್ಯತೆ ಸುಮಾರು 6%. 90ನೇ ಎಳೆತಕ್ಕೆ ಒಂದು ಐದು ಸ್ಟಾರ್ ಖಚಿತ, ಆದರೆ ಅದು ನೀವು ಬಯಸಿದ್ದೇ ಆಗಿರಬೇಕೆಂದಿಲ್ಲ. ಒಂದು ಎಳೆತಕ್ಕೆ 160 ಪ್ರೈಮೋಜೆಮ್ (ಆ ಆಟದ ನಾಣ್ಯ), 90ಕ್ಕೆ 14,400. ಜಾತ್ರೆಯಲ್ಲಿ ರಿಂಗ್ ಎಸೆಯುವ ಅಂಗಡಿ ಮುಂದೆ ನಿಂತ ಹಾಗೇ ಇದು, ಗಡಿಯಾರ ಬಿತ್ತು ಅನ್ನುವಷ್ಟರಲ್ಲಿ ರಿಂಗ್ ಪಕ್ಕಕ್ಕೆ ಜಾರುತ್ತೆ. ಆಟ ಮಾತ್ರ ಸೊಗಸಾಗಿದೆ, ದುಡ್ಡು ಹಾಕದೆ ಸುತ್ತಾಡಿ ನೋಡಲು ಅಡ್ಡಿಯಿಲ್ಲ.

ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆ್ಯಪ್‌ಗಳು ಈ ಲೇಖನದ ವ್ಯಾಪ್ತಿಗೇ ಬರುವುದಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಅವನ್ನು ನಿಷೇಧಿಸಿದೆ, ಇ-ಸ್ಪೋರ್ಟ್ಸ್ ಮತ್ತು ಮಾಮೂಲಿ ಆಟಗಳಿಗೆ ಬೆಂಬಲ ಕೊಟ್ಟಿದೆ. ಟೆಲಿಗ್ರಾಂನಲ್ಲಿ ಯಾರೋ ಎಪಿಕೆ ಫೈಲ್ (ಪ್ಲೇ ಸ್ಟೋರ್ ಇಲ್ಲದೆಯೇ ಆ್ಯಪ್ ಹಾಕಿಕೊಳ್ಳುವ ಫೈಲ್) ಕಳಿಸಿ ‘ರಮ್ಮಿ ಬೋನಸ್’ ಅಂದರೆ ಮುಟ್ಟಬೇಡಿ.

ಖರ್ಚಿಗೆ ಬೀಗ ಹಾಕುವುದು ಸುಲಭ. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಮಾಡಿ. ಮಕ್ಕಳ ಕೈಗೆ ಹೋಗುವ ಫೋನ್‌ನಲ್ಲಿ ಕಾರ್ಡ್ ವಿವರ ಉಳಿಸಲೇಬೇಡಿ. ಅಕಸ್ಮಾತ್ ಖರೀದಿಯಾಗಿಬಿಟ್ಟರೆ 48 ಗಂಟೆಯೊಳಗೆ ಗೂಗಲ್ ಪ್ಲೇಗೇ ಹಣ ವಾಪಸ್ ಕೇಳಿ, ಆಮೇಲಾದರೆ ಗೇಮ್ ಮಾಡಿದವರ ಹಿಂದೆ ಅಲೆಯಬೇಕಾಗುತ್ತೆ.

6. ಮನೆಯವರ ಜೊತೆ ಒಂದು ಒಪ್ಪಂದ

‘ಅಮ್ಮಾ, ಒಂದೇ ಮ್ಯಾಚು’ ಅನ್ನುವ ಮಾತಿಗೆ ಮನೆಯಲ್ಲಿ ಬೆಲೆಯೇ ಇಲ್ಲದಂತಾಗಿದೆ, ಅಲ್ವಾ? ಅಮ್ಮನಿಗೆ ಆ ಒಂದು ಮ್ಯಾಚು ಎಷ್ಟು ಹೊತ್ತು ಅಂತ ಗೊತ್ತಿಲ್ಲ. ‘ಎರಾಂಗೆಲ್, ಅರ್ಧ ಗಂಟೆ, ಊಟಕ್ಕೆ ಎಂಟೂವರೆಗೆ ಬರ್ತೀನಿ’ ಅಂದರೆ ಜಗಳ ಅರ್ಧ ಕಡಿಮೆಯಾಗುತ್ತೆ. ಊಟಕ್ಕೆ ಕಾಲು ಗಂಟೆ ಇದೆ ಅಂದಾಗ ಲಿವಿಕ್ ಆಡಿ. ದೊಡ್ಡವರೂ ಅಷ್ಟೇ: ಪಂದ್ಯದ ಮಧ್ಯೆ ಫೋನ್ ಕಿತ್ತುಕೊಳ್ಳುವ ಬದಲು ಈ ಪಂದ್ಯ ಮುಗಿದ ಮೇಲೆ ಕೊಡು ಅಂದರೆ ಮಾತು ನಡೆಯುತ್ತೆ.

ಬಿಜಿಎಂಐ 2023ರ ಮೇನಲ್ಲಿ ವಾಪಸ್ ಬಂದಾಗ 18ರ ಒಳಗಿನವರಿಗೆ ದಿನಕ್ಕೆ ಮೂರು ಗಂಟೆ, ಉಳಿದವರಿಗೆ ಆರು ಗಂಟೆ ಅಂತ ಮಿತಿ ಇಟ್ಟುಕೊಂಡು ಬಂತು. ಮೂರು ಗಂಟೆಯೇ ಶಾಲೆಯ ದಿನಕ್ಕೆ ಜಾಸ್ತಿ ಅನ್ನುವವರು ಆಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ಆ್ಯಪ್ ಟೈಮರ್ ಇಡಬಹುದು. ಚಿಕ್ಕ ಮಕ್ಕಳ ಫೋನ್ ಆದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಇನ್ನೂ ಗಟ್ಟಿ. ನೋಟಿಫಿಕೇಶನ್ ಆಫ್ ಮಾಡುವುದನ್ನು ಮರೆಯಬೇಡಿ. ‘ನಿಮ್ಮ ಲೈಫ್ ತುಂಬಿದೆ, ಬನ್ನಿ’ ಅಂತ ಮೀಟಿಂಗ್ ಮಧ್ಯೆ ಕರೆಯುವುದು ಟೈಂಪಾಸ್ ಆಟಗಳೇ ಜಾಸ್ತಿ.

ಮನೆಯಲ್ಲಿ ಎರಡೂ ಬಗೆಯವರಿದ್ದರೆ ಒಂದೇ ಫೋನಿನಲ್ಲಿ ಕೈ ಬದಲಾಯಿಸಿ ಆಡುವ ಲೂಡೋ ಕಿಂಗ್‌ನ ಪಾಸ್ ಆ್ಯಂಡ್ ಪ್ಲೇ ಇದೆ. ರ‍್ಯಾಂಕ್ ಏರಿಸಿಕೊಂಡು ಬೀಗುವ ಅಣ್ಣನನ್ನು ಅಜ್ಜಿ ಅಲ್ಲಿ ಆರಾಮಾಗಿ ಮನೆಗೆ ಕಳಿಸುತ್ತಾರೆ.

7. ಬಗೆ ಬದಲಾಯಿಸಬೇಕೆಂದರೆ

ಪರೀಕ್ಷೆ, ಹೊಸ ಕೆಲಸ, ಮನೆಗೆ ಮಗು ಬಂತು. ನಿನ್ನೆಯವರೆಗೆ ರ‍್ಯಾಂಕ್ ಹತ್ತುತ್ತಿದ್ದವರಿಗೆ ಇವತ್ತು ಕಾಲು ಗಂಟೆಯೂ ಸಿಗದೇ ಇರಬಹುದು. ಅಂಥವರು ಸೀದಾ ಕ್ಯಾಂಡಿಗೆ ಹೋದರೆ ಬೇಜಾರಾಗುತ್ತೆ. ತಲೆಗೆ ಕೆಲಸ ಕೊಟ್ಟು, ಕೆಳಗಿಟ್ಟರೂ ಮುನಿಯದ ಆಟ ಬೇಕು. ಸ್ಟಾರ್‌ಡ್ಯೂ ವ್ಯಾಲಿ, ಮಿನಿ ಮೆಟ್ರೋ, ಮಾನ್ಯುಮೆಂಟ್ ವ್ಯಾಲಿ ಒಳ್ಳೆಯವು. ಸ್ಪರ್ಧೆಯ ರುಚಿ ಬಿಡಲಾಗದವರಿಗೆ ಲಿಚೆಸ್‌ನಲ್ಲಿ ನಿಧಾನದ ಚೆಸ್ ಇದೆ. ಪೂರ್ತಿ ಫ್ರೀ, ಜಾಹೀರಾತೂ ಇಲ್ಲ.

ಕೆಳಗಿನಿಂದ ಮೇಲೆ ಹೋಗುವವರು ಮೂರು ನಿಮಿಷದ ಆಟದಿಂದ ಶುರು ಮಾಡಿ. ಬ್ರಾಲ್ ಸ್ಟಾರ್ಸ್, ಆಮೇಲೆ ಬಿಜಿಎಂಐನ ಟೀಮ್ ಡೆತ್‌ಮ್ಯಾಚ್. ನಾಲ್ಕು ಜನ ಎದುರು ನಾಲ್ಕು ಜನ, ಸತ್ತರೂ ತಕ್ಷಣ ಎದ್ದು ಬರಬಹುದು, ಆದ್ದರಿಂದ ಕೈ ಬೇಗ ಪಳಗುತ್ತೆ. ಎರಾಂಗೆಲ್ ಕೊನೆಗಿರಲಿ.

ಬಿಡುವ ಗೇಮನ್ನು ಡಿಲೀಟ್ ಮಾಡುವ ಮೊದಲು ಒಂದು ಕೆಲಸ ಮಾಡಿ. ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮ ಅಕೌಂಟ್ ಗೂಗಲ್ ಪ್ಲೇಗೋ ಇಮೇಲ್‌ಗೋ ಜೋಡಿಯಾಗಿದೆಯಾ ನೋಡಿ. ಗೆಸ್ಟ್ ಆಗಿ ಆಡಿದ್ದರೆ ಡಿಲೀಟ್ ಒತ್ತಿದ ಕೂಡಲೇ ಇಷ್ಟು ದಿನ ಗಳಿಸಿದ್ದೆಲ್ಲ ಹೋಗಬಹುದು. ಜೋಡಿಸಿದ್ದರೆ ಬೇಸಿಗೆ ರಜೆಯಲ್ಲಿ ಮತ್ತೆ ಇಳಿಸಿಕೊಂಡು ಬಿಟ್ಟಲ್ಲಿಂದಲೇ ಶುರು ಮಾಡಬಹುದು. ರ‍್ಯಾಂಕ್ ಮಾತ್ರ ಸೀಸನ್ ಬದಲಾದಾಗ ಒಂದೆರಡು ಮೆಟ್ಟಿಲು ಕೆಳಗಿಳಿದಿರುತ್ತೆ.